ಮುದ್ದೆ ನುಂಗುವ ಊರಲ್ಲಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರಿಗೆ

ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಕೋಲಾರದ ಕಡೆ ಮಕ್ಕಳಿಗೆ ಹಲ್ಲು ಬರೋ ಹೊತ್ತಿಗೇ ಕಲಿಸಿಬಿಡುತ್ತಾರೆ. ತೂಕ ಇಳಿಸಲು ಜಠರಕ್ಕೆ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡ ಮೇಲೆ ಮೊದಲು ಮರೆಯಬೇಕಾದ ಪಾಠ ಅದೇ. ಆಪರೇಷನ್ ಆದವರಿಗೆ ಸಿಗುವ ಊಟದ ಚೀಟಿಯಲ್ಲಿ ಓಟ್ಸ್, ಸೂಪು, ಬೇಯಿಸಿದ ಬ್ರೊಕೊಲಿ ಇರುತ್ತದೆ. ಮುದ್ದೆ, ಬಸ್ಸಾರು, ಮಂಡಿ ಟೀ, ಬೀಗರೂಟದ ಸುದ್ದಿಯೇ ಇರಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಕೂತೇ ಇರುವ ಕೆಲಸ. ಬ್ಯಾಂಡ್ ಹಾಕಿಸಿ ಕೆಲವು ವರ್ಷ ಆಯ್ತು. ಇಳಿದಿರುವುದು 30 ಕೆಜಿ. ನಮ್ಮ ಮಂಡಿ ಲೆಕ್ಕದಲ್ಲಿ 15 ಕೆಜಿಯ ಎರಡು ಬಾಕ್ಸ್. ಒಂದು ಬಾಕ್ಸ್ ಎತ್ತಿಕೊಂಡು ಲಾರಿವರೆಗೆ ಹೋಗಿ ಬಂದರೆ ಏದುಸಿರು ಬರುತ್ತದೆ. ಅಂಥ ಎರಡನ್ನು ಹಗಲೂ ರಾತ್ರಿ ಹೊತ್ತುಕೊಂಡೇ ಓಡಾಡುತ್ತಿದ್ದೆ.

ಬ್ಯಾಂಡ್ ಅಂದರೆ ಸಿಲಿಕೋನ್ ಉಂಗುರ. ಜಠರದ ಮೇಲ್ಭಾಗಕ್ಕೆ ಸುತ್ತಿರುತ್ತಾರೆ. ಅದರ ಮೇಲೆ ಪುಟ್ಟ ಜಾಗವೊಂದು ಉಳಿಯುತ್ತದೆ. ಸ್ವಲ್ಪ ಊಟಕ್ಕೇ ಅದು ತುಂಬಿ, ಸಾಕು ಅನಿಸುತ್ತದೆ. ಉಂಗುರದಿಂದ ಒಂದು ಸಣ್ಣ ನಳಿಕೆ ಬಂದು ಚರ್ಮದ ಕೆಳಗೆ ಕೂರಿಸಿದ ಗುಂಡಿಯಂಥ ಪುಟ್ಟ ಪೋರ್ಟ್‌ಗೆ ಸೇರುತ್ತದೆ. ಡಾಕ್ಟರ್ ಅಲ್ಲಿಗೆ ಸೂಜಿ ಹಾಕಿ ಸಲೈನ್ ತುಂಬಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಜಠರವನ್ನು ಕತ್ತರಿಸುವುದಿಲ್ಲ. ಈಗ ಸ್ಲೀವ್ (ಜಠರದ ಹೆಚ್ಚಿನ ಭಾಗ ಕತ್ತರಿಸಿ ತೆಗೆಯುವುದು), ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವುದು) ಮಾಡಿಸಿಕೊಳ್ಳುವವರೇ ಜಾಸ್ತಿ. ಹಾಗಾಗಿ ಪಕ್ಕದ ಮನೆಯವರ ಸ್ಲೀವ್ ಅನುಭವ ಕೇಳಿಕೊಂಡು ನಿಮ್ಮ ಬ್ಯಾಂಡ್‌ಗೆ ಲೆಕ್ಕ ಹಾಕಬೇಡಿ. ಅವರ ತೂಕ ಸರ್ರನೆ ಇಳಿಯುತ್ತದೆ, ನಮ್ಮದು ನಿಧಾನ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ ಇಳಿದರೆ ಚೆನ್ನಾಗೇ ನಡೆಯುತ್ತಿದೆ ಅಂತ ಅರ್ಥ.

ಮೊದಲ ವಾರಗಳು

ಇಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಸಾಮಾನ್ಯವಾಗಿ ಮೊದಲ ಎರಡು ವಾರ ಬರೀ ನೀರಾದದ್ದು, ಆಮೇಲೆ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಏನೂ ಕೊರತೆ ಇಲ್ಲ. ಸೋಸಿದ ಬೇಳೆಕಟ್ಟು, ತಿಳಿ ಸಾರು, ನೀರು ಮಜ್ಜಿಗೆ, ತೆಳ್ಳಗೆ ಸೋಸಿದ ರಾಗಿ ಅಂಬಲಿ. ಖಾರ ಕಡಿಮೆ ಇರಲಿ. ಎರಡನೇ ಹಂತಕ್ಕೆ ಹೆಸರುಬೇಳೆ ತೊವ್ವೆ, ಮೊಸರು, ಚೆನ್ನಾಗಿ ಕಿವುಚಿದ ಮೊಟ್ಟೆ.

ಮೊದಲ ಸಲ ಸಲೈನ್ ತುಂಬುವುದು ಸುಮಾರು ನಾಲ್ಕರಿಂದ ಆರು ವಾರ ಆದಮೇಲೆ. ಅಲ್ಲಿಯವರೆಗೆ ಬ್ಯಾಂಡ್ ಸಡಿಲವಾಗೇ ಇರುತ್ತದೆ. ಗಾಯ ಮಾಯುತ್ತಾ ಬಂದ ಹಾಗೆ ಹಸಿವು ವಾಪಸ್ ಬರುತ್ತದೆ. ಎಷ್ಟೋ ಜನ ಆಗ, ದುಡ್ಡೆಲ್ಲ ನೀರಿಗೆ ಹೋಯ್ತು ಅಂತ ಕೂತು ಅಳುತ್ತಾರೆ. ಆಪರೇಷನ್ ಕೆಟ್ಟಿಲ್ಲ, ಬ್ಯಾಂಡ್ ಇನ್ನೂ ಕೆಲಸ ಶುರು ಮಾಡಿಲ್ಲ, ಅಷ್ಟೇ. ಆ ದಿನಗಳ ಕೆಲಸ ಎರಡೇ: ಒಳಗೆ ಮಾಯಲು ಬಿಡುವುದು, ವಾಂತಿ ಆಗದ ಹಾಗೆ ನೋಡಿಕೊಳ್ಳುವುದು. ಹಸಿವಾಯ್ತು ಅಂತ ಮೊದಲೇ ಗಟ್ಟಿ ಊಟ ಮಾಡಿ ವಾಂತಿ ಮಾಡಿಕೊಂಡರೆ ಬ್ಯಾಂಡ್ ಜಾಗ ಬಿಟ್ಟು ಸರಿಯಬಹುದು. ಭಾರ ಎತ್ತುವುದೂ ಬೇಡ. ಮಂಡಿಯಲ್ಲಿ, 'ಒಂದು ಕೈ ಹಾಕಣ್ಣ' ಅಂತ ಕರೆದರೆ ಕೈ ಕಟ್ಟಿಕೊಂಡು ನಿಲ್ಲಿ.

ಮುದ್ದೆ ಅಗಿಯುವುದು ಹೇಗೆ

ಮುದ್ದೆ ಬಿಡಬೇಕಾಗಿಲ್ಲ. ಆದರೆ ತಿನ್ನುವ ರೀತಿ ಪೂರ್ತಿ ಬದಲಾಗಬೇಕು. ನಾವು ಮುರಿಯುವ ತುತ್ತು ನಿಂಬೆಹಣ್ಣಿನ ಗಾತ್ರ. ಅದನ್ನು ಸಾರಲ್ಲಿ ಅದ್ದಿ ನುಂಗಿದರೆ ಬ್ಯಾಂಡ್‌ನ ಬಾಯಿಗೆ ಬಿರಡೆ ಹಾಕಿದಂತೆ ಕೂರುತ್ತದೆ. ಕಡಲೆಕಾಳಿನಷ್ಟು ಚಿವುಟಿ. ಸಾರಲ್ಲಿ ಹೊರಳಿಸಿ ಬಾಯಿಗೆ ಹಾಕಿ, ಪೂರ್ತಿ ಕರಗುವವರೆಗೆ ಅಗಿಯಿರಿ. ಇಪ್ಪತ್ತು ಸಲವಾದರೂ ಹಲ್ಲು ಆಡಬೇಕು. ಮೊದಮೊದಲು ಅಗಿದ ರಾಗಿ ಹಲ್ಲಿಗೆಲ್ಲ ಮೆತ್ತಿಕೊಂಡು ಒಂಥರಾ ಇರುತ್ತದೆ. ನಮ್ಮಮ್ಮ ನೋಡಿ, 'ಮುದ್ದೆ ಅಗೀತಾ ಇದೀಯಲ್ಲೋ, ನಾಚಿಕೆ ಆಗಲ್ವಾ?' ಅಂದಿದ್ದಳು. ಒಂದು ತುತ್ತು ಒಳಗೆ ಹೋದಮೇಲೆ ಕೈ ತಟ್ಟೆಯಿಂದ ಎತ್ತಿಟ್ಟು ಒಂದು ನಿಮಿಷ ಸುಮ್ನೆ ಕೂರಿ. ಆಮೇಲೆ ಮುಂದಿನದು.

ತಟ್ಟೆಯೂ ಸಣ್ಣದಾಗಲಿ. ನಾನು ಉಣ್ಣುವುದು ಮಕ್ಕಳ ತಿಂಡಿ ತಟ್ಟೆಯಲ್ಲಿ. ಮೊದಲು ಬಸ್ಸಾರಿನ ಕಾಳು ಪಲ್ಯ ಅಥವಾ ಮೊಟ್ಟೆ, ಆಮೇಲೆ ಸೊಪ್ಪು, ಕೊನೆಗೆ ಮುದ್ದೆ. ದಿನಕ್ಕೆ ಸುಮಾರು 60 ಗ್ರಾಂ ಪ್ರೊಟೀನ್ ಬೇಕು ಅನ್ನುತ್ತಾರೆ. ಇರುವ ಸ್ವಲ್ಪ ಜಾಗವನ್ನು ಮುದ್ದೆಯೇ ತುಂಬಿಕೊಂಡರೆ ಅದು ಎಲ್ಲಿಂದ ಬರಬೇಕು? ಪ್ರೊಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲೂ ಉದುರುತ್ತದೆ.

ಈ ವಿಷಯದಲ್ಲಿ ಅವರೆಕಾಯಿ ಕಾಲ ನಮಗೆ ಹಬ್ಬ. ಇಡೀ ಅವರೆಕಾಳಿನ ಸಿಪ್ಪೆ ಬ್ಯಾಂಡ್ ಇರುವವರಿಗೆ ತೊಂದರೆ ಕೊಡಬಹುದು. ಆದರೆ ನೆನೆಸಿ ಹಿತುಕಿದ ಬೇಳೆಗೆ ಸಿಪ್ಪೆಯೇ ಇಲ್ಲ. ಬೆಂದರೆ ಬೆಣ್ಣೆ. ಹೊಟ್ಟೆ ತುಂಬುವಷ್ಟು ಗಟ್ಟಿಯೂ ಇರುತ್ತದೆ, ಪ್ರೊಟೀನೂ ಇದೆ. ಡಿಸೆಂಬರ್, ಜನವರಿಯಲ್ಲಿ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತು ಕಾಳು ಹಿತುಕುವಾಗ ನೀವೂ ಕೂರಿ. ಕೈಗೆ ಕೆಲಸ ಇದ್ದರೆ ಬಾಯಿ ಕುರುಕಲು ಕೇಳುವುದಿಲ್ಲ.

ಸಿಕ್ಕಿಹಾಕಿಕೊಳ್ಳುವ ಪದಾರ್ಥಗಳು ಒಬ್ಬೊಬ್ಬರಿಗೆ ಒಂದೊಂದು. ಬಹಳ ಜನಕ್ಕೆ ತೊಂದರೆ ಕೊಡುವುದು ಅಂಟಂಟಾದ ಅನ್ನ, ಬ್ರೆಡ್, ಒಣ ಚಪಾತಿ, ಮಟನ್ ತುಂಡು, ನುಗ್ಗೆಕಾಯಿ ನಾರು. ಮಟನ್ ಬೇಕೇ ಬೇಕು ಅಂದರೆ ಕೈಮಾ ಮಾಡಿಸಿ. ಮುಳಬಾಗಿಲು ದೋಸೆಯ ಗರಿಗರಿ ಅಂಚನ್ನು ಚೆನ್ನಾಗಿ ಅಗಿದರೆ ಇಳಿಯುತ್ತದೆ, ದಪ್ಪಗೆ ಮೆತ್ತಗಿರುವ ನಡುಭಾಗ ನನಗೆ ಇವತ್ತಿಗೂ ಆಗಲ್ಲ.

ಸಾಕು ಅನ್ನುವ ಸೂಚನೆ ಹೊಟ್ಟೆಯಿಂದ ಬರಲ್ಲ, ಮೇಲಿಂದ ಬರುತ್ತದೆ. ಒಂದು ಬಿಕ್ಕಳಿಕೆ, ಮೂಗಲ್ಲಿ ನೀರು, ಎದೆಯ ನಡುವೆ ಏನೋ ಒತ್ತಿದ ಹಾಗೆ. ಅದು ಬಂದ ತುತ್ತೇ ಕೊನೆ ತುತ್ತು. 'ಇನ್ನೊಂದೇ ತುತ್ತು ಉಳಿದಿದೆಯಲ್ಲ, ದಂಡ ಮಾಡೋದ್ಯಾಕೆ' ಅನ್ನುವ ಬುದ್ಧಿ ಇಲ್ಲಿ ಬೇಡ. ಅಕಸ್ಮಾತ್ ಸಿಕ್ಕಿಕೊಂಡರೆ ನೀರು ಕುಡಿದು ತಳ್ಳಲು ಹೋಗಬೇಡಿ. ಕೆಳಗೆ ದಾರಿ ಇಲ್ಲ, ನೀರು ಮೇಲೆ ನಿಂತು ಇನ್ನಷ್ಟು ನೋಯುತ್ತದೆ. ಎದ್ದು ನಿಧಾನವಾಗಿ ಓಡಾಡಿ. ಬಾಯಲ್ಲಿ ಜೊಲ್ಲು ತುಂಬಿದರೆ ಉಗಿಯಿರಿ. ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಇಲ್ಲ ಮೇಲಕ್ಕೆ ಬರುತ್ತದೆ. ಆವತ್ತು ಉಳಿದ ಹೊತ್ತೆಲ್ಲ ನೀರಾದದ್ದನ್ನೇ ತೆಗೆದುಕೊಳ್ಳಿ.

ಬ್ಯಾಂಡ್ ಹಿಡಿಯದ ಕಳ್ಳ

ಊಟ ಇಷ್ಟು ಕಡಿಮೆ ಮಾಡಿದರೂ ತೂಕ ಇಳಿಯುತ್ತಿಲ್ಲ ಅನ್ನುವವರ ಹತ್ತಿರ ನಾನು ಮೊದಲು ಕೇಳುವುದು ಟೀ ಲೆಕ್ಕ. ಬ್ಯಾಂಡ್ ತಡೆಯುವುದು ಗಟ್ಟಿ ಪದಾರ್ಥವನ್ನು ಮಾತ್ರ. ನೀರಾದದ್ದು ಸಲೀಸಾಗಿ ಜಾರಿ ಹೋಗುತ್ತದೆ. ಮಂಡಿಯಲ್ಲಿ ಹರಾಜಿಗೆ ಮೊದಲು ಒಂದು ಟೀ, ಆಮೇಲೆ ಒಂದು, ರೈತರು ಬಂದರೆ ಒಂದು, ಏಜೆಂಟ್ ಬಂದರೆ ಇನ್ನೊಂದು. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದುಕೊಳ್ಳಿ. ಒಂದು ಚಮಚ ಅಂದರೆ ಸುಮಾರು 4 ಗ್ರಾಂ. ಹನ್ನೆರಡು ಚಮಚಕ್ಕೆ 48 ಗ್ರಾಂ, ಹೆಚ್ಚುಕಡಿಮೆ 190 ಕ್ಯಾಲೊರಿ. ಹಾಲಿನದ್ದು ಬೇರೆ. ಇಷ್ಟಕ್ಕೂ ಹೊಟ್ಟೆಗೆ ಏನೂ ತಿಂದ ಹಾಗಿರಲ್ಲ. ಟೀಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮ್, ಜ್ಯೂಸ್, ಪಾಯಸ, ಮಿಲ್ಕ್‌ಶೇಕ್, ಎಣ್ಣೆ ಪಾರ್ಟಿ ಎಲ್ಲ ಇದೇ ಸಾಲು. ಬಾಯಲ್ಲಿ ಪುಡಿಯಾಗಿ ಕರಗುವ ಚಿಪ್ಸು, ಮಿಕ್ಸ್ಚರೂ ಅಷ್ಟೇ.

ಅಂಬಲಿಯದ್ದೂ ಇದೇ ಕಥೆ. ಮೊದಲ ವಾರಗಳಲ್ಲಿ ಕೈ ಹಿಡಿದ ಅಂಬಲಿ, ಆಮೇಲೆ ಕುಡಿದ ಒಂದು ಗಂಟೆಗೇ ಹಸಿವು ತರಿಸುತ್ತದೆ. ಡಾಕ್ಟರ್ ಗಟ್ಟಿ ಊಟಕ್ಕೆ ಒಪ್ಪಿದ ಮೇಲೆ ಗಟ್ಟಿ ಊಟವನ್ನೇ ಮಾಡಿ.

ಟೀ ಬಿಡಲೇಬೇಕು ಅಂತಿಲ್ಲ. ನಮ್ಮ ಟೀ ಹುಡುಗನಿಗೆ, 'ನಂದು ಸಕ್ಕರೆ ಇಲ್ಲದ್ದು, ಅರ್ಧ ಲೋಟ' ಅಂತ ಹೇಳಿಟ್ಟಿದ್ದೇನೆ. ಉಳಿದ ಹೊತ್ತು ಜೀರಿಗೆ ಹಾಕಿ ಕುದಿಸಿದ ನೀರಿನ ಬಾಟಲಿ ಪಕ್ಕದಲ್ಲೇ ಇರುತ್ತದೆ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಗಟಗಟ ಅಂತ ಅಲ್ಲ, ಗುಟುಕು ಗುಟುಕಾಗಿ. ಸೋಡಾ, ಕೋಲಾ ಬೇಡ, ಗ್ಯಾಸ್ ಉಬ್ಬಿ ಒದ್ದಾಡಿಸುತ್ತದೆ. ಬಂಗಾರಪೇಟೆ ಪಾನಿಪುರಿ ಅಂತೂ ಇಡಿಯಾಗಿ ಬಾಯಿಗೆ ತುಂಬಿಕೊಳ್ಳುವ ವಸ್ತು. ನಾನು ಪಕ್ಕದಲ್ಲಿ ನಿಂತು ಮಕ್ಕಳಿಗೆ ಕೊಡಿಸುತ್ತೇನೆ.

ಸಲೈನ್ ತುಂಬಿಸಲು ಹೋದಾಗ

ಜಾಸ್ತಿ ಬಿಗಿ ಮಾಡಿಸಿದರೆ ಜಾಸ್ತಿ ಇಳಿಯುತ್ತದೆ ಅನ್ನುವುದು ಸುಳ್ಳು. ಬಿಗಿ ಅತಿಯಾದರೆ ಗಟ್ಟಿ ಊಟ ಇಳಿಯುವುದಿಲ್ಲ, ಆಗ ಮನುಷ್ಯ ತಾನಾಗೇ ಐಸ್‌ಕ್ರೀಮ್, ಬಿಸ್ಕತ್ತಿಗೆ ತಿರುಗುತ್ತಾನೆ. ಒಂದು ಸಣ್ಣ ಊಟ ಮೂರು ನಾಲ್ಕು ಗಂಟೆ ತಡೆದರೆ ಬಿಗಿ ಸರಿಯಾಗಿದೆ. ಎರಡು ಗಂಟೆಗೇ ಹಸಿವಾಗಿ, ಮೊದಲಿನಷ್ಟೇ ಉಣ್ಣಲು ಆದರೆ ಸಡಿಲ. ರಾತ್ರಿ ಮಲಗಿದಾಗ ಕೆಮ್ಮು, ಹುಳಿತೇಗು, ಪದೇ ಪದೇ ವಾಂತಿ ಇದ್ದರೆ ಬಿಗಿ ಹೆಚ್ಚಾಗಿದೆ, ಅಥವಾ ಬ್ಯಾಂಡ್ ಸರಿದಿದೆ.

ನಾವು ತುಂಬಿಸಲು ಬೆಂಗಳೂರಿಗೆ ಹೋಗುವವರು. ಒಂದು ಮಾತು ನೆನಪಿಡಿ: ಸೂಜಿ ತೆಗೆದ ತಕ್ಷಣ ಬಸ್ ಹತ್ತಬೇಡಿ. ಅಲ್ಲೇ ಕೂತು ಒಂದು ಲೋಟ ನೀರು ಗುಟುಕಾಗಿ ಕುಡಿದು, ಅದು ಆರಾಮಾಗಿ ಇಳಿಯಿತು ಅಂತ ಖಾತ್ರಿ ಮಾಡಿಕೊಂಡು ಹೊರಡಿ. ನರಸಾಪುರ ದಾಟಿದ ಮೇಲೆ ನೀರೇ ಇಳಿಯುತ್ತಿಲ್ಲ ಅಂತ ಗೊತ್ತಾದರೆ ಮತ್ತೆ ವಾಪಸ್ ಹೋಗಬೇಕು.

ಜನ, ನಡಿಗೆ, ಉಡಿದಾರ

ತೂಕ ಇಳಿಯಲು ಶುರುವಾದರೆ ಊರಿನವರ ಮೊದಲ ಪ್ರಶ್ನೆ, 'ಏನಣ್ಣ ಹಿಂಗ್ ಸೊರಗಿದೀಯ, ಶುಗರ್ ಬಂತಾ?' ಎಲ್ಲರಿಗೂ ಹೊಟ್ಟೆ ಬಿಚ್ಚಿ ತೋರಿಸುವ ಅಗತ್ಯ ಇಲ್ಲ. 'ಡಾಕ್ಟರ್ ಊಟ ಕಮ್ಮಿ ಮಾಡು ಅಂದವ್ರೆ' ಅಂದರೆ ಸಾಕು, ಮುಂದೆ ಕೇಳಲ್ಲ. ಬೀಗರೂಟದಲ್ಲಿ ಪಂಕ್ತಿಯ ಕೊನೆಯಲ್ಲಿ ಕೂರಿ. ಬಡಿಸುವವರು ಬರುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಇಡಿ. ಎಲೆಯಲ್ಲಿ ಬಿಟ್ಟರೆ ತಪ್ಪು ತಿಳಿಯುತ್ತಾರೆ, ಹಾಕಿಸಿಕೊಳ್ಳದಿದ್ದರೆ ಯಾರೂ ನೋಡುವುದಿಲ್ಲ.

ನಡಿಗೆ ಮೊದಲು ಸಮತಟ್ಟಾದ ಜಾಗದಲ್ಲಿ, ಹತ್ತು ನಿಮಿಷದಿಂದ. ಬರಬರುತ್ತಾ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಅಂತರಗಂಗೆ ಮೆಟ್ಟಿಲನ್ನು ಮೊದಲ ತಿಂಗಳೇ ಹತ್ತಿ ಶೂರತನ ತೋರಿಸಬೇಡಿ. ಡಾಕ್ಟರ್ ಸರಿ ಅಂದಮೇಲೆ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿವರೆಗೆ ಹೋಗಿ ಬನ್ನಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿಯುವಂತಿಲ್ಲ. ನಮ್ಮಂಥವರಿಗೆ ಅದೂ ಒಳ್ಳೆಯದೇ.

ತೂಕ ವಾರಕ್ಕೆ ಒಂದೇ ಸಲ ನೋಡಿ, ಒಂದೇ ದಿನ, ಒಂದೇ ಯಂತ್ರದಲ್ಲಿ. ದಿನಾ ಹತ್ತಿ ನಿಂತರೆ ತಲೆ ಕೆಡುತ್ತದೆ. ಎರಡು ಮೂರು ವಾರ ಮುಳ್ಳು ಅಲುಗಾಡದೇ ಇರುವುದುಂಟು. ಆಗ ನಾನು ನೋಡುತ್ತಿದ್ದದ್ದು ಉಡಿದಾರ. ಸೊಂಟಕ್ಕೆ ಕಚ್ಚಿಕೊಂಡು ಗೆರೆ ಬೀಳಿಸಿದ್ದ ದಾರ ಒಂದು ದಿನ ಕೆಳಗೆ ಜಾರತೊಡಗಿತು. ಗಂಟು ಬಿಚ್ಚಿ ಮತ್ತೆ ಕಟ್ಟಿದಾಗ ಉಳಿಯುವ ತುದಿ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿತ್ತು. ಯಂತ್ರ ಏನೂ ಹೇಳದ ವಾರದಲ್ಲೂ ಅದು ಹೇಳುತ್ತಿತ್ತು.

ಮಾತ್ರೆ ಮತ್ತು ಅಪಾಯದ ಸೂಚನೆ

ವಿಟಮಿನ್ ಮಾತ್ರೆ ತಪ್ಪಿಸಬೇಡಿ, ರಕ್ತ ಪರೀಕ್ಷೆಯನ್ನೂ ಮುಂದೂಡಬೇಡಿ. ದೊಡ್ಡ ಮಾತ್ರೆ ಸಿಕ್ಕಿಕೊಳ್ಳಬಹುದು. ಪುಡಿ ಮಾಡಬಹುದಾ, ದ್ರವರೂಪದ್ದು ಇದೆಯಾ ಅಂತ ಕೇಳಿ, ಯಾಕೆಂದರೆ ಕೆಲವನ್ನು ಪುಡಿ ಮಾಡುವಂತಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತರಹದ್ದನ್ನು ನೀವೇ ತಂದು ನುಂಗಬೇಡಿ, ಜಠರಕ್ಕೆ ಒಳ್ಳೆಯದಲ್ಲ. ಬಿಪಿ, ಶುಗರ್ ಮಾತ್ರೆ ಇರುವವರು ತೂಕ ಇಳಿದ ಹಾಗೆ ಡೋಸ್ ನೋಡಿಸಿಕೊಳ್ಳಬೇಕು. ಹಳೇ ಡೋಸೇ ಮುಂದುವರಿದರೆ ಶುಗರ್ ತೀರಾ ಇಳಿದು ತಲೆ ತಿರುಗಬಹುದು. ಗರ್ಭಿಣಿಯಾದರೆ ತಕ್ಷಣ ಹೇಳಿ, ಬ್ಯಾಂಡ್ ಸಡಿಲ ಮಾಡಬೇಕಾಗಬಹುದು.

ನೀರು, ಎಂಜಲೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಜ್ವರ ಬಂದು ಪೋರ್ಟ್ ಇರುವ ಜಾಗ ಕೆಂಪಾಗಿ ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ. ಇದ್ದಕ್ಕಿದ್ದ ಹಾಗೆ ಎಷ್ಟು ಬೇಕಾದರೂ ಉಣ್ಣಲು ಆಗುತ್ತಿದ್ದರೂ ತೋರಿಸಿ. ಸಲೈನ್ ಸೋರಿರಬಹುದು, ಬ್ಯಾಂಡ್ ಜಠರದ ಗೋಡೆ ಕೊರೆದಿರಲೂಬಹುದು.

ಹತ್ತಿರದ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಬ್ಯಾಂಡ್ ಇರುವವರನ್ನು ನೋಡೇ ಇರದಿರಬಹುದು. ಅದಕ್ಕೆ ಪರ್ಸಿನಲ್ಲಿ ಒಂದು ಚೀಟಿ ಇಡಿ: ಯಾವ ಬ್ಯಾಂಡ್, ಆಪರೇಷನ್ ಯಾವಾಗ ಆಯ್ತು, ಈಗ ಒಳಗೆ ಎಷ್ಟು ಎಂಎಲ್ ಸಲೈನ್ ಇದೆ, ಸರ್ಜನ್ ಫೋನ್ ನಂಬರ್. ಪ್ರತಿ ಸಲ ತುಂಬಿಸಿ ಬಂದಾಗ ಎಂಎಲ್ ತಿದ್ದಿ, ಚೀಟಿಯ ಫೋಟೊ ತೆಗೆದು ಮನೆಯವರ ವಾಟ್ಸಾಪಿಗೂ ಹಾಕಿಡಿ.