ಬಲೆಗೆ ಒಟ್ಟಿಗೆ ಬಿದ್ದ ಮೀನುಗಳಿಗೆ ಸಂಬಂಧ ಇದೆಯಾ?

ದಡದ ಹತ್ತಿರ ಯಾವ ಮೀನು ಎಲ್ಲಿದೆ ಅಂತ ಲೆಕ್ಕ ಹಾಕಿ ನಕ್ಷೆ ಮಾಡುವುದು ನನ್ನ ಕೆಲಸ. ನಕ್ಷೆ ಮಾಡುವುದು ಸುಲಭ. ಆ ಮೀನು ಅಲ್ಲೇ ಯಾಕಿದೆ ಅನ್ನುವುದು ಕಷ್ಟದ ಪ್ರಶ್ನೆ. ನೀರು ಹಿಡಿಸಿತು ಅಂತ ಬಂತಾ, ಊಟ ಸಿಕ್ಕಿತು ಅಂತ ಬಂತಾ, ಇಲ್ಲ ತನ್ನನ್ನು ತಿನ್ನುವ ಮೀನು ಪಕ್ಕದಲ್ಲಿದೆ ಅಂತ ಇಲ್ಲಿಗೆ ಸರಿಯಿತಾ?

ನಾನು ಶುರು ಮಾಡುವುದು ನೀರಿನಿಂದ. ಬಲೆ ಎಳೆದ ಜಾಗದಲ್ಲೇ, ಅದೇ ಹೊತ್ತಿಗೆ, ಉಷ್ಣತೆ, ಉಪ್ಪಿನಂಶ, ಕರಗಿದ ಆಮ್ಲಜನಕ ಅಳೆಯುತ್ತೇನೆ. ಮೇಲಿನ ನೀರನ್ನು ಮಾತ್ರ ಅಳೆದರೆ ಸಾಲದು. ನದಿಯ ನೀರು ಹಗುರ, ಅದು ಮೇಲೆ ಹರಡಿಕೊಳ್ಳುತ್ತದೆ, ಕೆಳಗೆ ಉಪ್ಪುನೀರು ಬೇರೆ ಪದರವಾಗಿ ನಿಲ್ಲುತ್ತದೆ, ಎರಡೂ ಬೆರೆಯದಿದ್ದರೆ ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ತಳದಲ್ಲಿರುವ ಹೆಚ್ಚಿನ ಮೀನುಗಳು ಜಾಗ ಬಿಡುತ್ತವೆ. ತಳ ಮರಳಾ, ಕೆಸರಾ, ಕಡಲಹುಲ್ಲಾ ಅಂತಲೂ ಬರೆದಿಡುತ್ತೇನೆ. ಏನೂ ಬೀಳದ ಬಲೆಯನ್ನು ಸೊನ್ನೆ ಅಂತ ದಾಖಲಿಸಲೇಬೇಕು, ಅದೂ ಮಾಹಿತಿಯೇ ಅಲ್ವಾ.

ಆಮೇಲೆ ಎಲ್ಲ ಮೀನುಗಳ ಲೆಕ್ಕವನ್ನೂ ಒಂದೇ ಮಾದರಿಗೆ, ಅಂದರೆ ಕಂಪ್ಯೂಟರಿನ ಸಂಖ್ಯಾಶಾಸ್ತ್ರದ ಮಾಡೆಲ್‌ಗೆ, ಹಾಕುತ್ತೇನೆ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ (R) ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಎಚ್‌ಎಂಎಸ್‌ಸಿ (Hmsc) ಅನ್ನುವ ಪ್ಯಾಕೇಜ್ ಇದೆ. ನೀರು, ತಳ, ಆಳದಿಂದ ಎಷ್ಟು ಗೊತ್ತಾಗುತ್ತದೋ ಅಷ್ಟನ್ನು ಅದು ಮೊದಲು ಲೆಕ್ಕ ಹಾಕುತ್ತದೆ. ಅದಾದ ಮೇಲೂ ಯಾವ ಎರಡು ಜಾತಿಗಳು ಒಟ್ಟಿಗೆ ಕಾಣಿಸುತ್ತವೆ, ಯಾವುವು ದೂರ ಇರುತ್ತವೆ ಅಂತ ತೋರಿಸುತ್ತದೆ. ಇದನ್ನೇ ಗೆಳೆತನ, ಹಗೆತನ ಅಂತ ಓದುವವರು ಜಾಸ್ತಿ. ನಾನು ಹಾಗೆ ಓದುವುದಿಲ್ಲ. ನಾವು ಅಳೆಯದೇ ಬಿಟ್ಟ ಯಾವುದೋ ಒಂದು ಅಂಶ ಆ ಎರಡೂ ಜಾತಿಗಳಿಗೆ ಇಷ್ಟವಾಗಿರಬಹುದು. ಬೇಟೆಗಾರ ಮೀನು ತನ್ನ ಬೇಟೆಯ ಹಿಂದೆಯೇ ಬರುವುದರಿಂದ, ಲೆಕ್ಕದಲ್ಲಿ ಇಬ್ಬರೂ ಸ್ನೇಹಿತರ ಹಾಗೇ ಕಾಣುತ್ತಾರೆ!

ನನಗೆ ನಿಜವಾಗಿ ದಾರಿ ತೋರಿಸಿದ್ದು ಗಾತ್ರ. ಒಂದೇ ಜಾತಿಯ ಮರಿ ಮತ್ತು ದೊಡ್ಡ ಮೀನನ್ನು ಎರಡು ಬೇರೆ ಜಾತಿಗಳ ಹಾಗೆ ಮಾದರಿಗೆ ಕೊಡುತ್ತೇನೆ. ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದು ಗಾತ್ರದ ಮೇಲೆ ನಿಂತಿದೆ. ಸ್ವೀಡನ್ನಿನ ಬಾಲ್ಟಿಕ್ ಕರಾವಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ದೊಡ್ಡ ಪೈಕ್, ಪರ್ಚ್ ಮೀನುಗಳು ಪುಟ್ಟ ಸ್ಟಿಕಲ್‌ಬ್ಯಾಕ್ ಮೀನನ್ನು ತಿನ್ನುತ್ತವೆ. ಸ್ಟಿಕಲ್‌ಬ್ಯಾಕ್ ತುಂಬಾ ಹೆಚ್ಚಿದ ಕಡೆ ಅದೇ ಪೈಕ್, ಪರ್ಚ್‌ಗಳ ಮೊಟ್ಟೆ ಮರಿಗಳನ್ನು ಇವು ತಿಂದುಹಾಕುತ್ತವೆ, ಹಾಗಾಗಿ ನೀರು ಚೆನ್ನಾಗಿದ್ದರೂ ದೊಡ್ಡ ಮೀನು ಮತ್ತೆ ತುಂಬಿಕೊಳ್ಳುವುದಿಲ್ಲ. ಈ ಬದಲಾವಣೆ ಹೊರಗಿನ ದ್ವೀಪಗಳ ಕಡೆಯಿಂದ ಒಳಗಿನ ಕೊಲ್ಲಿಗಳ ಕಡೆಗೆ ಹರಡುತ್ತಾ ಬಂದಿದೆ. ಉಷ್ಣತೆ, ಉಪ್ಪು ಮಾತ್ರ ನೋಡುವ ಮಾದರಿಗೆ ಇದು ಹೇಗೆ ಕಾಣಬೇಕು?

ಕೊನೆಗೆ ಹೊಟ್ಟೆ ಸೀಳಿ ನೋಡುವುದು. ಹಿಡಿದ ಕೂಡಲೇ ಐಸಿಗೆ ಹಾಕಬೇಕು, ತಡವಾದರೆ ಹೊಟ್ಟೆಯಲ್ಲಿರುವ ಎಳೆಮರಿ ಕರಗಿಹೋಗುತ್ತದೆ. ಏನೂ ಸಿಗಲಿಲ್ಲ ಅಂದಮಾತ್ರಕ್ಕೆ ತಿಂದಿಲ್ಲ ಅಂತಲ್ಲ. ಅದಕ್ಕೇ ಕೆಲವು ಮೀನುಗಳ ಹೊಟ್ಟೆಯಲ್ಲಿ ಇರುವುದನ್ನು ಡಿಎನ್‌ಎ ಪರೀಕ್ಷೆಗೂ ಕಳಿಸುತ್ತೇನೆ. ಹೊಟ್ಟೆಯಲ್ಲಿ ಸಿಕ್ಕಿದ್ದೂ ಮಾದರಿ ಹೇಳಿದ್ದೂ ಒಂದಕ್ಕೊಂದು ಹೊಂದಿದರೆ ಮಾತ್ರ ನಕ್ಷೆಯ ಪಕ್ಕದಲ್ಲಿ ‘ಇದು ಇದನ್ನು ತಿನ್ನುತ್ತದೆ’ ಅಂತ ಬರೆಯುತ್ತೇನೆ.