ಕಾಡುಪಾಪಕ್ಕೆ ಬಾಳೆಹಣ್ಣಿನ ರೂಢಿ ಬಿಡಿಸಿದ್ದು

ಬಯಲುಸೀಮೆಯ ಕಿರು ಮೃಗಾಲಯವೊಂದರಲ್ಲಿ ನಾನು ಪ್ರಾಣಿಪಾಲಕ. ಹುಲಿ, ಆನೆ ನಮ್ಮಲ್ಲಿಲ್ಲ. ಸುತ್ತಲಿನ ಹುಣಸೆ ತೋಪು, ಕುರುಚಲು ಕಾಡುಗಳಿಂದ ಬರುವ ಕಾಡುಪಾಪಗಳಿವೆ (ಸ್ಲೆಂಡರ್ ಲೋರಿಸ್, ರಾತ್ರಿ ಮರದ ಮೇಲೆ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ): ವಿದ್ಯುತ್ ತಂತಿ ತಗುಲಿದವು, ರಸ್ತೆಯಲ್ಲಿ ಪೆಟ್ಟು ತಿಂದವು, ಮಾಟಕ್ಕೆಂದು ಹಿಡಿದವರ ಕೈಯಿಂದ ಬಿಡಿಸಿ ತಂದವು. ಅವು ಮತ್ತೆ ಮರ ಸೇರಬೇಕು, ನಮ್ಮಂಥ ಸಣ್ಣ ಮೃಗಾಲಯ ಇರುವುದೇ ಅದಕ್ಕೆ ಎಂಬುದು ನನ್ನ ಹಠ. ಆದರೆ ಬಹುಕಾಲ ಒಂದೂ ಮರಳಲಿಲ್ಲ.

ತಪ್ಪು ತಟ್ಟೆಯಲ್ಲಿತ್ತು. ಬಾಳೆಹಣ್ಣು, ಪಪ್ಪಾಯಿ, ಹಾಲು. 250 ಗ್ರಾಂ ಆಸುಪಾಸು ಇರಬೇಕಾದವು 350 ದಾಟಿದ್ದವು, ಹಲ್ಲು ಕೊಳೆತಿದ್ದವು. ಇರುವೆ, ಗೆದ್ದಲು, ಮಿಡತೆ ಹಿಡಿದು ಬದುಕುವ ಜೀವಿಗೆ ನಾವು ಪ್ರಸಾದ ಕೊಡುತ್ತಿದ್ದೆವು. ಹಣ್ಣು ನಿಲ್ಲಿಸೋಣ ಎಂದಾಗ "ಉಪವಾಸ ಕೆಡವಿ ಸಾಯಿಸುತ್ತೀಯಾ" ಎಂದು ಹಿರಿಯ ಪಾಲಕರೇ ಗದರಿದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ರಾತ್ರಿ ಬಿಳಿ ಪಂಚೆಗೆ ಬಲ್ಬು ಕಟ್ಟಿ ಹುಳು ಹಿಡಿದೆ. ಪಕ್ಕದ ಟೊಮೆಟೊ ಹೊಲಕ್ಕೆ ಔಷಧಿ ಹೊಡೆದದ್ದು ಗೊತ್ತಿರಲಿಲ್ಲ. ಎರಡಕ್ಕೆ ಭೇದಿ, ಒಂದು ಸತ್ತಿತು. ನಡುಗುತ್ತಲೇ ಕೊಂಬೆ ಬಿಡದೆ ಹಿಡಿದಿದ್ದ ಅದರ ಬೆರಳುಗಳನ್ನು ನಾನು ಮರೆತಿಲ್ಲ.

ಆಮೇಲೆ ಜಿರಲೆ ಸಾಕಿದೆ. ಪ್ಲಾಸ್ಟಿಕ್ ಡ್ರಮ್ಮು, ಮೊಟ್ಟೆ ಟ್ರೇ, ಗೋಧಿ ಬೂಸಾ, ಕ್ಯಾರೆಟ್ ಸಿಪ್ಪೆ. ಡ್ರಮ್ಮಿನ ಅಂಚಿಗೆ ವ್ಯಾಸಲೀನ್ ಹಚ್ಚಲು ಒಂದು ದಿನ ಮರೆತದ್ದಕ್ಕೆ ಅಡುಗೆಕೋಣೆಯ ತುಂಬ ಜಿರಲೆ. ಖರ್ಚು ನಾಲ್ಕು ಸಾವಿರದ ಹತ್ತಿರ, ಎಲ್ಲ ನನ್ನ ಸಂಬಳದ್ದು. "ಜಿರಲೆ ಆಹಾರ" ಎಂದು ಬರೆದ ಬಿಲ್ಲು ಮೂರು ಸಲ ವಾಪಸಾಯಿತು. ಬೂಸಾದಲ್ಲಿ ಇನ್ನೊಂದು ಪುಡಿ ಬೆರೆಸುತ್ತೇನೆ. ಎರಡು ಪ್ರಾಣಿ ಕಳೆದುಕೊಂಡ ಮೇಲೆ ಅಳತೆ ಸಿಕ್ಕಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೈಯಾರೆ ಮಾಡಲು ಬಂದವರಿಗೆ ತೋರಿಸುತ್ತೇನೆ.

ನಡುವೆ ರೇಷ್ಮೆ ನೂಲು ಬಿಚ್ಚುವವರಿಂದ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ತಂದು ನೋಡಿದೆ. ಅಗ್ಗ, ಆದರೆ ವಾಸನೆಗೆ ಒಂದೂ ಮೂಸಲಿಲ್ಲ. ಕೋಳಿಗಳಿಗೆ ಹಬ್ಬವಾಯಿತು. ಮಳೆ ಬಿದ್ದ ಸಂಜೆ ಏಳುವ ಈಸಲು ಹುಳುವಿಗೆ ಮಾತ್ರ ಸಾಟಿಯಿಲ್ಲ. ಕೊಂಬೆಯಲ್ಲಿ ತೂತು ಕೊರೆದು ಜಾಲಿ ಅಂಟು ತುಂಬಿದ್ದೂ ಫಲಿಸಿತು, ಅರ್ಧ ರಾತ್ರಿ ಅದನ್ನೇ ಕೆರೆಯುತ್ತಾ ಕಳೆಯುತ್ತಿದ್ದವು.

ಕೊಂಬೆಗಳ ವಿಷಯದಲ್ಲೂ ಪಾಠ ಕಲಿತೆ. ಕಾಡುಪಾಪ ಜಿಗಿಯುವುದಿಲ್ಲ. ಮುಂದಿನ ಕೊಂಬೆ ಕೈಗೆಟುಕದಿದ್ದರೆ ಅಲ್ಲೇ ನಿಲ್ಲುತ್ತದೆ. ಹೆಬ್ಬೆರಳು ದಪ್ಪದ ಕೊಂಬೆಗಳನ್ನು ಒಂದಕ್ಕೊಂದು ತಾಗಿಸಿ ಹಗ್ಗದಿಂದ ಬಿಗಿದ ವಾರದಲ್ಲೇ ಅವುಗಳ ಓಡಾಟ ಎರಡರಷ್ಟಾಯಿತು.

ಒಂದು ರಾತ್ರಿ ಕಿವಿ ಹರಿದ ಹೆಣ್ಣೊಂದು ಇರುವೆ ತಿಂದು ತನ್ನ ಮೂತ್ರದಲ್ಲೇ ಕೈ ತೊಳೆದುಕೊಂಡಿತು. ರೋಗ ಬಂದಿದೆ ಎಂದರು ಜೊತೆಗಿದ್ದವರು. ಕಚ್ಚುವ ಹುಳು ಹಿಡಿದ ಮೇಲೆ ಕಾಡಿನವು ಮಾಡುವುದೇ ಹಾಗೆ. ಅದಕ್ಕೆ ಕಾಡು ನೆನಪಿತ್ತು. ನನಗೆ ಕಣ್ಣು ತುಂಬಿತು.

ಕಳೆದೆರಡು ವರ್ಷದಲ್ಲಿ ಬಂದ ಹನ್ನೊಂದರಲ್ಲಿ ಏಳನ್ನು ಅರಣ್ಯ ಇಲಾಖೆಯವರು ಸಿಕ್ಕಿದ ಜಾಗದ ಹತ್ತಿರವೇ ಬಿಟ್ಟರು. ಗದರಿದ್ದ ಹಿರಿಯರೇ ಈಗ ಬೆಳಿಗ್ಗೆ ಡ್ರಮ್ಮಿಗೆ ಬೂಸಾ ಹಾಕುತ್ತಾರೆ. ಹೆಣ್ಣನ್ನು ಬಿಟ್ಟ ಹುಣಸೆ ತೋಪಿಗೆ ಹದಿನೈದು ದಿನದ ನಂತರ ಕೆಂಪು ಟಾರ್ಚು ಹಿಡಿದು ಹೋದೆ. ಮೂರನೆಯ ಮರದ ತುದಿಯಲ್ಲಿ ಎರಡು ಕಣ್ಣು ಹೊಳೆದವು. ಕಿವಿ ಹರಿದಿತ್ತು.