ನಮೀಬ್ ಮರಳಿನಲ್ಲಿ ಜಾಲಪಾದದ ಹಲ್ಲಿಯನ್ನು ಹುಡುಕುವ ಬಗೆ

ನೈಋತ್ಯ ಆಫ್ರಿಕಾದ ನಮೀಬಿಯಾ ದೇಶದ ಕರಾವಳಿಯಲ್ಲಿರುವ ನಮೀಬ್ ಮರುಭೂಮಿಯ ಮರಳುದಿಬ್ಬಗಳಲ್ಲಿ ಹಗಲೆಲ್ಲ ಅಲೆದರೂ ಈ ಹಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಪ್ಯಾಕಿಡ್ಯಾಕ್ಟೈಲಸ್ ರೇಂಜಿ ಎಂಬ ಈ ಜೀವಿ ಬಾಲವೂ ಸೇರಿ ಒಂದು ಗೇಣಿಗಿಂತ ಚಿಕ್ಕದು. ಬೆರಳುಗಳ ನಡುವೆ ಹರಡಿದ ಚರ್ಮವೇ ಅದಕ್ಕೆ ಮೊರ: ಅದರಲ್ಲಿ ಮರಳು ಗೋರಿ ಬಿಲ ತೋಡುತ್ತದೆ, ಬಿಸಿಲಿನ ಹೊತ್ತು ಅಲ್ಲೇ ಕಳೆದು ಕತ್ತಲಾದ ಮೇಲೆ ಹೊರಬರುತ್ತದೆ.

ಹಗಲಿನಲ್ಲಿ ಜಾಗ ಮಾತ್ರ ಗುರುತು ಮಾಡಿಕೊಳ್ಳಿ. ಜರಿಯುವ ಸಡಿಲ ಮರಳಿನಲ್ಲಿ ಬಿಲ ನಿಲ್ಲದು. ತುಸು ಗಟ್ಟಿಯಾದ ಮರಳಿರುವ ಕಡೆ ನೋಡಿ. ವಾಹನವನ್ನು ಅನುಮತಿ ಇರುವ ದಾರಿಯಿಂದ ಇಳಿಸಲೇಬೇಡಿ.

ಬೇಕಾದ್ದು: ಒಂದು ಸಾಧಾರಣ ಟಾರ್ಚ್, 365 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ (ಯುವಿ) ಟಾರ್ಚ್, ಹಳದಿ ಗಾಜಿನ ಕನ್ನಡಕ, ಮುಚ್ಚಿದ ಶೂ. ಈ ಹಲ್ಲಿಯ ಚರ್ಮ ನೇರಳಾತೀತ ಬೆಳಕಿಗೆ ಹಸಿರಾಗಿ ಮಿನುಗುತ್ತದೆ ಎಂಬುದನ್ನು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಟಾರ್ಚಿನ ನೀಲಿ ಛಾಯೆಯನ್ನು ಹಳದಿ ಗಾಜು ತಡೆಯುವುದರಿಂದ ಆ ಹಸಿರು ಎದ್ದು ಕಾಣುತ್ತದೆ.

ಹೆಚ್ಚಿನವರು ಸೋಲುವುದು ಇಲ್ಲೇ: ನಿಂತುಕೊಂಡು ಮೇಲಿನಿಂದ ಬೆಳಕು ಬಿಡುತ್ತಾರೆ. ಮಿನುಗುವುದು ಬೆನ್ನಲ್ಲ, ಪಕ್ಕೆಯ ಕೆಳಭಾಗದ ಒಂದು ಪಟ್ಟೆ, ಕಣ್ಣಿನ ಸುತ್ತಲಿನ ಅಂಚು. ಮೇಲಿನಿಂದ ಎರಗುವ ಬೇಟೆಗಾರನಿಗೆ ಮರೆಯಾಗಿದ್ದು, ಅದೇ ಎತ್ತರದ ಇನ್ನೊಂದು ಹಲ್ಲಿಗೆ ಚೆನ್ನಾಗಿ ಕಾಣುವ ಜಾಗಗಳಿವು. ಆದ್ದರಿಂದ ಕುಕ್ಕರಗಾಲಲ್ಲಿ ಕೂತು, ಟಾರ್ಚನ್ನೂ ಕಣ್ಣನ್ನೂ ನೆಲಕ್ಕೆ ಆದಷ್ಟು ಹತ್ತಿರ ತಂದು, ಬೆಳಕನ್ನು ಮರಳಿನ ಮೇಲೆ ಅಡ್ಡಡ್ಡ ನಿಧಾನವಾಗಿ ಸರಿಸಿ. ಹತ್ತು ಹೆಜ್ಜೆಗೊಮ್ಮೆ ಮತ್ತೆ ಕೂತು ನೋಡಿ.

ಇಡೀ ಮೈ ಹೊಳೆದರೆ ಅದು ಚೇಳು. ಗೆರೆಯೊಂದೇ ಹೊಳೆದರೆ ಹಲ್ಲಿ.

ಕೂರುವ ಮುನ್ನ ಬಿಳಿ ಬೆಳಕಿನಲ್ಲಿ ಆ ಜಾಗವನ್ನು ತಪ್ಪದೆ ಪರೀಕ್ಷಿಸಿ. ಪೆರಿಂಗ್ವೆ ಮಂಡಲ ಎಂಬ ಪುಟ್ಟ ವಿಷದ ಹಾವು ಮರಳಿನೊಳಗೆ ಹುದುಗಿ, ನೆತ್ತಿಯ ಮೇಲಿರುವ ಕಣ್ಣುಗಳನ್ನಷ್ಟೇ ಹೊರಗಿಟ್ಟು ಇಂಥ ಹಲ್ಲಿಗಳಿಗೇ ಹೊಂಚು ಹಾಕಿರುತ್ತದೆ.

ಈ ಕರಾವಳಿಗುಂಟ ಹರಿಯುವ ತಣ್ಣನೆಯ ಸಾಗರಪ್ರವಾಹವಾದ ಬೆಂಗ್ವೆಲಾದ ಮೇಲಿಂದ ಬರುವ ಮಂಜು ಕವಿದರೆ ಹುಡುಕಾಟ ಕೆಡುತ್ತದೆ. ಬೆಳಕು ಹನಿಗಳಲ್ಲೇ ಚದುರಿಹೋಗುತ್ತದೆ. ಅಷ್ಟರೊಳಗೆ ಹಲ್ಲಿ ಸಿಕ್ಕಿದ್ದರೆ ಮಾತ್ರ ಅಲ್ಲೇ ಕಾಯಿರಿ, ಆ ಹೊತ್ತು ನಿಜಕ್ಕೂ ಸೊಗಸು. ರೆಪ್ಪೆಯಿಲ್ಲದ ದೊಡ್ಡ ಕಣ್ಣಿನ ಮೇಲೆ ಹನಿ ಕೂಡುತ್ತದೆ. ಹಲ್ಲಿ ಗುಲಾಬಿ ನಾಲಿಗೆಯನ್ನು ಉದ್ದಕ್ಕೆ ಚಾಚಿ ಅದನ್ನು ನೆಕ್ಕುತ್ತದೆ. ನೀರು ಕುಡಿದಂತೆಯೂ ಆಯಿತು, ಕಣ್ಣು ಒರೆಸಿದಂತೆಯೂ ಆಯಿತು. ಈಗ ಟಾರ್ಚನ್ನು ಮಂದ ಮಾಡಿ. ಮುಖಕ್ಕೆ ಹಿಡಿದರೆ ನೆಕ್ಕುವುದನ್ನು ಬಿಟ್ಟು ಓಡುತ್ತದೆ.

ಕೈಯಲ್ಲಿ ಎತ್ತಿಕೊಳ್ಳಬೇಡಿ. ಒಳಗಿನ ಅಂಗಗಳ ನೆರಳು ಕಾಣುವಷ್ಟು ತೆಳುವಾದ ಚರ್ಮ ಅದರದು. ಹಿಂತಿರುಗುವಾಗ ಬಂದ ಹೆಜ್ಜೆಗಳ ಮೇಲೆಯೇ ಕಾಲಿಡಿ. ಬಾಯಿ ಮುಚ್ಚಿದ ಬಿಲದ ಗುರುತು ಮೇಲಿನಿಂದ ಸಿಗುವುದಿಲ್ಲ, ತುಳಿದರೆ ಕುಸಿಯುತ್ತದೆ.